ಸಾವಿರ ಕಣಗಳಲ್ಲಿ ಹೊಸವೆಷ್ಟು

ಕಳೆದ ತಿಂಗಳು ನಮ್ಮ ಕುಮಟಾದ ಮನೆಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದ ಹುಡುಗಿಯೊಬ್ಬಳು ಬಂದಿದ್ದಳು. ಚಾ ಕುಡಿಯುತ್ತ, "ಈಗೆಲ್ಲ ಮಷಿನ್ನೇ ಹೇಳ್ತದೆ ಮೇಡಂ. ರಕ್ತ ಇಟ್ರೆ ಒಂದು ನಿಮಿಷಕ್ಕೆ ಚೀಟಿ ಬರ್ತದೆ. ಮೊದಲು ನೀವು ದಿನ ಇಡೀ ಎಂತ ಮಾಡ್ತಿದ್ರಿ?" ಎಂದು ಕೇಳಿದಳು. "ಎಣಿಸ್ತಿದ್ದೆ" ಎಂದೆ. ಅವಳು ನಕ್ಕಳು, ನಾನೂ ನಕ್ಕೆ. ಆದರೆ ಅವಳು ಗೇಟು ದಾಟಿದ ಮೇಲೆ, ಇದನ್ನು ಸ್ವಲ್ಪ ಸರಿಯಾಗಿ ಹೇಳಬೇಕಾಗಿತ್ತು ಅನ್ನಿಸಿತು. ಹಾಗಾಗಿ ಬರೆಯಲು ಕೂತಿದ್ದೇನೆ.

ನಾನು ಭಟ್ಕಳದ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ, ಹೊನ್ನಾವರದ ಇನ್ನೊಂದರಲ್ಲಿ ಇಪ್ಪತ್ತೆರಡು ವರ್ಷ ರಕ್ತ ನೋಡಿದವಳು. ನಡುವೆ ಎರಡು ಸಲ ಬಡ್ತಿಯೂ ಬಂತು. ಎರಡು ಸಲವೂ ಬದಲಾದದ್ದು ಕುರ್ಚಿ ಮಾತ್ರ. ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಭಟ್ಕಳದಲ್ಲಿ ನನ್ನ ಮೇಲಿನವರು ಶಾನಭಾಗರು. ಮೂಗಿನ ತುದಿಗೆ ಕನ್ನಡಕ, ಬಾಯಲ್ಲಿ ಸದಾ ಏಲಕ್ಕಿ. ಆಗ ಹಿಮೋಗ್ಲೋಬಿನ್ ನೋಡಲು ಒಂದು ಗಾಜಿನ ಕೊಳವೆ ಇತ್ತು. ಅದರಲ್ಲಿ ಆಸಿಡ್ಡಿಗೆ ರಕ್ತ ಬೆರೆಸಿದರೆ ಕಂದು ಬಣ್ಣ ಬರುತ್ತದೆ. ಪಕ್ಕದ ಗಾಜಿನ ಬಣ್ಣಕ್ಕೆ ಅದು ಹೊಂದುವವರೆಗೆ ಹನಿ ಹನಿ ನೀರು ಹಾಕಿ ತೆಳು ಮಾಡುತ್ತ ಹೋಗಬೇಕು. ಕಿಟಕಿಯ ಬೆಳಕಿಗೆ ಹಿಡಿದು ನೋಡುವ ಕೆಲಸ ಅದು. ಮೋಡ ಕವಿದ ದಿನ ಇಡೀ ಭಟ್ಕಳಕ್ಕೆ ರಕ್ತ ಹೆಚ್ಚಾದಂತೆ ಕಾಣುತ್ತಿತ್ತು. ಶಾನಭಾಗರು ನನ್ನ ವರದಿ ನೋಡಿ, "ಇವತ್ತು ಎಲ್ಲರೂ ಪೈಲ್ವಾನರೇ ಬಂದದ್ದಾ?" ಎಂದು ಕೇಳಿ, ಬಿಸಿಲು ಬಂದ ಮೇಲೆ ಮತ್ತೆ ಮಾಡಿಸುತ್ತಿದ್ದರು.

ನನಗೆ ಈ ಕೆಲಸದ ಹುಚ್ಚು ಹಿಡಿಸಿದವರೂ ಅವರೇ. ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, "ಎಂತ ಕಾಣ್ತದೆ ಹೇಳು" ಎಂದರು. ಹಸಿರು ಛಾಯೆಯ ದುಂಡು ಕಣಗಳು ಸಾಲು ಸಾಲಾಗಿ ಬಿದ್ದಿದ್ದವು. ಅಲ್ಲೊಂದು ಇಲ್ಲೊಂದು ಕಣದ ಒಳಗೆ ಮಾತ್ರ ನೀಲಿ ನೂಲಿನ ಸಿಕ್ಕು. "ಅದು ಹೊಸ ಕಣ. ಮೂಳೆಯ ಮಜ್ಜೆಯಿಂದ ಹೊರಬಿದ್ದು ಒಂದೆರಡು ದಿನ ಆಗಿರ್ಬೇಕು ಅಷ್ಟೆ. ಈ ಬಣ್ಣ ಹಾಕಿದ್ರೆ ಮಾತ್ರ ಆ ನೂಲು ಕಾಣೂದು. ನೂರಕ್ಕೆ ಒಂದು ಇದ್ರೆ ಸರಿ. ಸಾವಿರ ಎಣಿಸು."

ಸಾವಿರ ಎಣಿಸಿದೆ. ಕಣ್ಣಲ್ಲಿ ನೀರು ಬಂತು. ಆದರೆ ಆ ದಿನದಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಹೆರಿಗೆಯಲ್ಲಿ ರಕ್ತ ಹೋದ ಹೆಂಗಸಿಗೆ ಕಬ್ಬಿಣದ ಮಾತ್ರೆ ಕೊಟ್ಟರೆ ಒಂದು ವಾರದೊಳಗೆ ಈ ನೀಲಿ ನೂಲಿನ ಕಣಗಳು ನೂರಕ್ಕೆ ಐದಕ್ಕೋ ಆರಕ್ಕೋ ಏರುತ್ತವೆ. ರಕ್ತ ತುಂಬಿದ ಮೇಲೆ ತಾವಾಗಿ ಇಳಿಯುತ್ತವೆ. ಮೂಳೆಯೊಳಗೆ ಮುಚ್ಚಿಕೊಂಡಿರುವ ಮಜ್ಜೆಗೆ ಹೊರಗೆ ರಕ್ತ ಕಡಿಮೆಯಾದದ್ದು ತಿಳಿಯುವುದು ಹೇಗೆ? ಸಾಕು ಎಂದು ಹೇಳುವವರು ಯಾರು?

ಶಾನಭಾಗರನ್ನು ಕೇಳಿದೆ. "ಕಿಡ್ನಿ ಹೇಳ್ತದೆ" ಎಂದರು. ನಾನು ತಮಾಷೆ ಎಂದುಕೊಂಡೆ. ಅವರು ಏಲಕ್ಕಿ ಬದಿಗೆ ಸರಿಸಿ ವಿವರಿಸಿದರು. ತನ್ನ ಬಳಿ ಬರುವ ರಕ್ತದಲ್ಲಿ ಆಮ್ಲಜನಕ ಕಡಿಮೆಯಾದದ್ದು ಕಿಡ್ನಿಗೆ ಗೊತ್ತಾಗುತ್ತದೆ. ಆಗ ಅದು ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಮಜ್ಜೆಯಲ್ಲಿ ಕೆಂಪು ಕಣ ಆಗಬೇಕಾದ ಎಳೆಯ ಕೋಶಗಳು ಬೇಕಾದಷ್ಟು ಇರುತ್ತವೆ, ಆದರೆ ಬಹುಪಾಲು ಬೆಳೆಯುವ ಮೊದಲೇ ಸತ್ತುಹೋಗುತ್ತವೆ. ಹಾರ್ಮೋನು ಬಂದು ಮುಟ್ಟಿದರೆ ಅವು ಬದುಕಿಕೊಳ್ಳುತ್ತವೆ, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಕಿಡ್ನಿ ಕೆಟ್ಟವರಿಗೆ ರಕ್ತ ಇಳಿಯುವುದೂ ಹೆಚ್ಚಾಗಿ ಇದಕ್ಕೇ. ಮಜ್ಜೆ ಚೆನ್ನಾಗಿಯೇ ಇರುತ್ತದೆ, ಹೇಳುವವರು ಇರುವುದಿಲ್ಲ.

ಇನ್ನು ನನ್ನ ತಪ್ಪುಗಳು. ನೀಲಿ ಬಣ್ಣವನ್ನು ಪ್ರತಿದಿನ ಸೋಸಬೇಕು, ಇಲ್ಲದಿದ್ದರೆ ಅದರ ಗಸಿ ಕಣಗಳ ಮೇಲೆ ಕೂತು ನೂಲಿನಂತೆ ಕಾಣುತ್ತದೆ. ಒಂದು ದಿನ ಬಸ್ಸು ತಡವಾಯಿತೆಂದು ನಾನು ಸೋಸಲಿಲ್ಲ. ಗೇರುಸೊಪ್ಪ ಕಡೆಯ ಮುದುಕರೊಬ್ಬರಿಗೆ ಹೊಸ ಕಣ ನೂರಕ್ಕೆ ಎಂಟು ಎಂದು ಬರೆದೆ. ಮಜ್ಜೆ ಜೋರಾಗಿ ಕೆಲಸ ಮಾಡುತ್ತಿದೆ ಎಂದು ವೈದ್ಯರು ಸಂತೋಷದಿಂದ ಮನೆಗೆ ಕಳಿಸಿದರು. ಹತ್ತನೆಯ ದಿನ ಆ ಮುದುಕರನ್ನು ಇಬ್ಬರು ಎತ್ತಿಕೊಂಡು ಬಂದರು. ಶಾನಭಾಗರು ನನ್ನ ಹಳೆಯ ಸ್ಲೈಡು ಹುಡುಕಿ ತೆಗೆದು ನೋಡಿ, "ಎಂಟೂ ಕಸ" ಎಂದರು, ಅಷ್ಟೆ. ಮುದುಕರು ಉಳಿದರು. ನಾನು ಆ ವಾರ ಸರಿಯಾಗಿ ಊಟ ಮಾಡಲಿಲ್ಲ.

ಮಜ್ಜೆಯನ್ನೇ ಕಣ್ಣಾರೆ ನೋಡಿದ್ದು ಹೊನ್ನಾವರಕ್ಕೆ ಬಂದ ಮೇಲೆ. ವೈದ್ಯರು ಸೊಂಟದ ಮೂಳೆಗೆ ದಪ್ಪ ಸೂಜಿ ಇಳಿಸಿ ಒಂದಿಷ್ಟು ಎಳೆದು ಕೊಡುತ್ತಾರೆ, ಅದು ಹೆಪ್ಪುಗಟ್ಟುವ ಮೊದಲು ನಾವು ಗಾಜಿನ ಮೇಲೆ ಹರಡಬೇಕು. ಮೊದಲ ಸಲ ಗಡಿಬಿಡಿಯಲ್ಲಿ ಎರಡು ಸ್ಲೈಡು ನೆಲಕ್ಕೆ ಬೀಳಿಸಿದೆ. ಮೂರನೆಯದರಲ್ಲಿ ಕಂಡದ್ದನ್ನು ಈಗಲೂ ಮರೆತಿಲ್ಲ. ನಡುವೆ ಒಂದು ದೊಡ್ಡ ಕೋಶ, ಅದರ ಸುತ್ತ ಕಡುನೀಲಿಯ ಎಳೆಯ ಕೋಶಗಳು ಬಾಣಂತಿಯ ಕೋಣೆಯ ನೆಂಟರ ಹಾಗೆ ಒತ್ತಿಕೊಂಡು ಕೂತಿದ್ದವು. ಅವುಗಳಲ್ಲೊಂದು ತನ್ನ ಬೀಜವನ್ನು, ಅಂದರೆ ನ್ಯೂಕ್ಲಿಯಸ್ಸನ್ನು, ಹೊರಕ್ಕೆ ತಳ್ಳುತ್ತಿದ್ದಾಗಲೇ ಸಿಕ್ಕಿಬಿದ್ದಿತ್ತು. ಬೀಜ ಬಿಸಾಕಿದ ಮೇಲೆಯೇ ಅದು ನಾನು ಎಣಿಸುವ ನೀಲಿ ನೂಲಿನ ಕಣ ಆಗುವುದು. ಅಷ್ಟು ವರ್ಷ ಹೆಸರು ಮಾತ್ರ ಗೊತ್ತಿದ್ದವರ ಮನೆಗೆ ಹೋದಷ್ಟು ಖುಷಿಯಾಯಿತು.

ಆಮೇಲೆ ಮಷಿನ್ನು ಬಂತು. ಹೂವಿನ ಹಾರ ಹಾಕಿ ಫೋಟೋ ತೆಗೆಸಿಕೊಂಡೆವು. ಕಣ ಎಷ್ಟು, ಗಾತ್ರ ಎಷ್ಟು, ಎಲ್ಲ ಅದು ಹೇಳಿತು. ನಮ್ಮಲ್ಲಿಗೆ ಬಂದ ಮಾದರಿ ಹೊಸ ಕಣಗಳನ್ನು ಮಾತ್ರ ಎಣಿಸುತ್ತಿರಲಿಲ್ಲ. ಅದಕ್ಕೆ ಆ ಒಂದು ಕೆಲಸ ನನ್ನ ಕೈಯಲ್ಲೇ ಉಳಿಯಿತು. ನನಗೂ ಅದೇ ಬೇಕಾಗಿತ್ತು.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ನಾನು ನಿವೃತ್ತಳಾಗುವ ಎರಡು ವರ್ಷ ಮೊದಲಿನ ಮಾತು.

ನಮ್ಮಲ್ಲಿ ಡಯಾಲಿಸಿಸ್ ಶುರುವಾಗಿತ್ತು. ಮಾವಳ್ಳಿಯ ದೇವೇಂದ್ರ ಎಂಬವರು ವಾರಕ್ಕೆ ಎರಡು ಸಲ ಬರುತ್ತಿದ್ದರು. ನಲವತ್ತರ ಗಂಡಸು, ಬೋಟಿಗೆ ಹೋಗುತ್ತಿದ್ದವರು, ಎರಡೂ ಕಿಡ್ನಿ ನಿಂತಿದ್ದವು. ಜೊತೆಗೆ ಬರುವವಳು ಹೆಂಡತಿ ಲಲಿತಾ, ಮೀನು ಮಾರುವವಳು. ಅವರ ಕಿಡ್ನಿ ಕಳಿಸಲಾಗದ ಹಾರ್ಮೋನನ್ನು ಇಂಜೆಕ್ಷನ್ ಆಗಿ ಕೊಡಬೇಕಿತ್ತು. ಲಲಿತಾ ಚರ್ಮದಡಿ ಚುಚ್ಚುವುದನ್ನು ಒಂದೇ ದಿನದಲ್ಲಿ ಕಲಿತಳು, ಸಣ್ಣ ಶೀಶೆಗಳನ್ನು ಮನೆಗೆ ಒಯ್ದು ತಾನೇ ಕೊಡುತ್ತಿದ್ದಳು. ಹಿಮೋಗ್ಲೋಬಿನ್ ಹತ್ತರ ಹತ್ತಿರ ನಿಂತಿತ್ತು. ದೇವೇಂದ್ರರ ಅಕ್ಕ ಯಮುನಾ ತನ್ನ ಒಂದು ಕಿಡ್ನಿ ಕೊಡಲು ಒಪ್ಪಿದ್ದಳು, ಮಂಗಳೂರಿನಲ್ಲಿ ಪರೀಕ್ಷೆಗಳು ನಡೆದಿದ್ದವು.

ಆಗಸ್ಟಿನ ಗಾಳಿಮಳೆಗೆ ಮಾವಳ್ಳಿ ಕಡೆ ನಾಲ್ಕೈದು ದಿನ ಕರೆಂಟ್ ಇರಲಿಲ್ಲ. ಲಲಿತಾ ಲ್ಯಾಬಿನ ಕಿಟಕಿಗೆ ಬಂದು, "ಫ್ರಿಜ್ಜು ನಿಂತೋಗಿದೆ ಅಕ್ಕೋರೆ, ಶೀಶೆ ಎಲ್ಲಿಡೂದು?" ಎಂದು ಕೇಳಿದಳು. ಅದು ನನ್ನನ್ನು ಕೇಳಬೇಕಾದ ಪ್ರಶ್ನೆಯಲ್ಲ. ಡಾಕ್ಟರನ್ನು ಕೇಳು ಎನ್ನಬೇಕಿತ್ತು. ಆದರೆ ಗೊತ್ತಿಲ್ಲ ಎಂದು ಹೇಳುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ. "ಮೀನಿನವರ ಮನೇಲಿ ಐಸಿಗೆ ಎಂತ ಬರ? ಐಸ್ ಪೆಟ್ಟಿಗೇಲಿ ಇಡು" ಎಂದೆ. "ಆತು" ಎಂದು ಹೋದಳು. ಅದೇ ವಾರ ಡಯಾಲಿಸಿಸ್ಸಿಗೆ ಬರುವ ಇನ್ನಿಬ್ಬರಿಗೂ ಇದೇ ಬುದ್ಧಿವಾದ ಹೇಳಿದೆ.

ಸೆಪ್ಟೆಂಬರಿನಲ್ಲಿ ದೇವೇಂದ್ರರ ಹಿಮೋಗ್ಲೋಬಿನ್ ಎಂಟೂವರೆ. ಅಕ್ಟೋಬರಿನಲ್ಲಿ ಏಳು. ಆಮೇಲೆ ಆರು ಚಿಲ್ಲರೆ. ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಲ್ಲುತ್ತಿದ್ದರು. ಡಯಾಲಿಸಿಸ್ ನೋಡಿಕೊಳ್ಳುತ್ತಿದ್ದ ಡಾಕ್ಟರ್ ಪ್ರಭಾ ಇಂಜೆಕ್ಷನ್ನಿನ ಪ್ರಮಾಣ ಹೆಚ್ಚಿಸಿದರು, ಏನೂ ಆಗಲಿಲ್ಲ. ಕಬ್ಬಿಣ ನೋಡಿದೆವು, ಸಾಕಷ್ಟಿತ್ತು. ಸೋಂಕು ಇರಲಿಲ್ಲ, ಎಲ್ಲೂ ರಕ್ತ ಸೋರುತ್ತಿರಲಿಲ್ಲ. ಹೊಸ ಕಣ ಎಣಿಸಿದೆ. ಸಾವಿರಕ್ಕೆ ಎರಡು. ಬಣ್ಣ ಮತ್ತೆ ಸೋಸಿ ಎಣಿಸಿದೆ, ಆಗಲೂ ಎರಡೇ.

ಡಾಕ್ಟರ್ ಪ್ರಭಾ ಕಡಿಮೆ ಮಾತಿನವರು. "ಸೋಮವಾರ ರಕ್ತ ಕೊಡಬೇಕಾಗ್ತದೆ" ಎಂದರು. ರಕ್ತ ಕೊಟ್ಟರೆ ಉಸಿರು ಸರಿಯಾಗುತ್ತಿತ್ತು. ಆದರೆ ಬೇರೆಯವರ ರಕ್ತ ಒಳಗೆ ಹೋದರೆ ಬೇರೆಯವರ ಅಂಗವನ್ನು ತಿರಸ್ಕರಿಸುವುದನ್ನು ದೇಹ ಕಲಿತುಬಿಡಬಹುದು. ಹಾಗಾದರೆ ಯಮುನಾಳ ಕಿಡ್ನಿ ಅವರಿಗೆ ಬರುವುದಿಲ್ಲ. ಕೊಡುವವರು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಇದು ಲಲಿತಾಗೂ ಗೊತ್ತಿತ್ತು. ಸೋಮವಾರಕ್ಕೆ ಐದು ದಿನ ಇತ್ತು.

ನನಗೆ ಆ ಎರಡು ಎಂಬ ಸಂಖ್ಯೆ ಸಮಾಧಾನ ಕೊಡಲಿಲ್ಲ. ಹಾರ್ಮೋನು ತಲುಪಿದ ಮಜ್ಜೆ ಹೀಗೆ ಸುಮ್ಮನೆ ಕೂರುವುದಿಲ್ಲ. ಕಬ್ಬಿಣ ಇದೆ, ಕಾಯಿಲೆ ಇಲ್ಲ, ಮದ್ದು ಹೋಗುತ್ತಿದೆ. ಅಥವಾ ಹೋಗುತ್ತಿಲ್ಲವೇ? ಲಲಿತಾಗೆ, "ನಾಳೆ ಆ ಶೀಶೆ ತಗೊಂಡು ಬಾ, ಹೇಗೆ ಇಟ್ಟಿದ್ಯೋ ಹಾಗೇ ತಾ" ಎಂದೆ.

ಅವಳು ಥರ್ಮೋಕೋಲ್ ಪೆಟ್ಟಿಗೆಯನ್ನೇ ಹೊತ್ತು ತಂದಳು. ಮುಚ್ಚಳ ತೆಗೆದರೆ ಲ್ಯಾಬಿಗೆಲ್ಲ ಬಂಗುಡೆ ಮೀನಿನ ವಾಸನೆ. ಪುಡಿ ಐಸಿನ ತಳದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ, ಶೀಶೆಗಳು ಒಳ್ಳೆ ಭದ್ರವಾಗಿ ಕೂತಿದ್ದವು. "ಕರೆಂಟ್ ಬಂದ ಮೇಲೂ ಇಲ್ಲೇ ಇಟ್ಟದ್ದಾ?" ಎಂದೆ. "ಹೌದು. ಕರೆಂಟನ್ನ ನಂಬೂಕಾಗ್ತದಾ? ಐಸೇ ಗಟ್ಟಿ. ಮೀನಿಗಿಂತ ಕೆಳಗೆ, ಚಲೋ ತಂಪಿರೂ ಜಾಗ್ದಲ್ಲೇ ಇಟ್ಟೆ."

ಒಂದು ಶೀಶೆ ಎತ್ತಿದೆ. ಚೀಲದ ಹೊರಗೆ ಏನೋ ಬಿಳಿ ಹರಳು ಅಂಟಿತ್ತು. ಲ್ಯಾಬಿನಲ್ಲಿ ಕೆಲಸ ಮಾಡುವವರು ಜನ್ಮದಲ್ಲಿ ಮಾಡಬಾರದ ಕೆಲಸವೊಂದಿದೆ, ಅದನ್ನು ಮಾಡಿದೆ. ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು.

"ಐಸಿಗೆ ಉಪ್ಪು ಹಾಕಿದ್ಯಾ?"

"ಕಲ್ಲುಪ್ಪು ಹಾಕ್ದೆ ಇದ್ರೆ ಐಸು ಮಧ್ಯಾಹ್ನಕ್ಕೇ ಸಪ್ಪೆ ಆಗ್ತದಲ್ಲ ಅಕ್ಕೋರೆ. ನಾವು ಯಾವಾಗ್ಲೂ ಹಾಕೂದೇ" ಎಂದಳು. ಇಷ್ಟೂ ತಿಳಿಯದೆ ಇವರು ಎಂತ ಓದಿದ್ದಾರೆ ಎಂಬಂತೆ ನನ್ನ ಮುಖ ನೋಡಿದಳು.

ಅವಳನ್ನು ಕೂರಲು ಹೇಳಿ ಎರಡು ಖಾಲಿ ಶೀಶೆಗಳಿಗೆ ನೀರು ತುಂಬಿಸಿದೆ. ಒಂದನ್ನು ಬರೀ ಐಸಿನಲ್ಲಿ, ಇನ್ನೊಂದನ್ನು ಲಲಿತಾಳ ಉಪ್ಪು ಐಸಿನಲ್ಲಿ ಹುಗಿದೆ. ಏನಾಗುತ್ತದೆಂದು ನೋಡುವ ಆಸೆಗೆ ಆ ಬೆಳಿಗ್ಗೆ ಮೂರು ಸಲ ಮುಚ್ಚಳ ತೆಗೆದೆ. ಮಧ್ಯಾಹ್ನದ ಚಹಾದ ಹೊತ್ತಿಗೆ ಬರೀ ಐಸಿನ ಶೀಶೆಯಲ್ಲಿ ನೀರು ಕುಲುಕುತ್ತಿತ್ತು. ಉಪ್ಪಿನದ್ದು ಕಲ್ಲಾಗಿತ್ತು, ಉಪ್ಪು ಬೆರೆತರೆ ಐಸು ಇನ್ನೂ ತಣ್ಣಗಾಗುತ್ತದೆ. ಈ ಹಾರ್ಮೋನು ಒಂದು ಪ್ರೋಟೀನು, ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ತಿಳಿಯಾಗಿರುತ್ತದೆ. ಎರಡು ತಿಂಗಳಿಗೂ ಮಿಕ್ಕಿ ಅವಳು ಗಂಡನಿಗೆ ಗಡಿಯಾರ ನೋಡಿ ಚುಚ್ಚುತ್ತಿದ್ದುದು ನಿಸ್ಸತ್ವ ನೀರು.

ಕಂಡುಹಿಡಿದ ಸಂತೋಷದಲ್ಲಿ ನಾನು ಡಾಕ್ಟರ್ ಪ್ರಭಾರ ಕೋಣೆಗೆ ಓಡಿದೆ, ಲಲಿತಾ ಹಿಂದೆಯೇ ಬಂದಳು. ಎಲ್ಲ ಕೇಳಿದ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಐಸಿನಲ್ಲಿ ಇಡೋದಕ್ಕೆ ಇವರಿಗೆ ಹೇಳಿದ್ದು ಯಾರು?"

ಅಲ್ಲಿಯವರೆಗೆ ಅದು ನನಗೆ ಹೊಳೆದೇ ಇರಲಿಲ್ಲ ಎಂದರೆ ನೀವು ನಂಬಬೇಕು. ಹೊಳೆದಾಗ ಲಲಿತಾಳ ಮುಖ ನೋಡಿದೆ. ಆಗ ಲಲಿತಾ ಹೇಳಿದಳು: "ಯಾರೂ ಹೇಳ್ಲಿಲ್ಲ ಡಾಕ್ಟ್ರೆ. ನಾನೇ ಇಟ್ಟದ್ದು. ನಂದೇ ತಪ್ಪು." ಡಾಕ್ಟರು ಅವಳಿಗೆ ಚೆನ್ನಾಗಿ ಬೈದರು. ನಾನು ಪಕ್ಕದಲ್ಲಿ ನಿಂತು ಕೇಳಿದೆ. ಅವಳಿಗೆ ಮರೆತೇ ಹೋಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮನೆಗೆ ಹೋಗುವ ಬಸ್ಸಿನಲ್ಲಿ ಇನ್ನಿಬ್ಬರ ನೆನಪಾಯಿತು. ಅವರೂ ಐಸಿನಲ್ಲಿಟ್ಟಿದ್ದರೆ? ಮರುದಿನ ಬೆಳಿಗ್ಗೆ ಡಾಕ್ಟರ್ ಬರುವ ಮೊದಲೇ ಅವರ ಬಾಗಿಲಲ್ಲಿ ನಿಂತಿದ್ದೆ. ಎಲ್ಲ ಹೇಳಿದೆ.

"ನಿನ್ನೆ ನಾನು ಕೇಳುವಾಗ ನೀವು ಅಲ್ಲೇ ಇದ್ರಲ್ಲ?" ಎಂದರು.

"ಇದ್ದೆ."

"ಮೊದಲು ಆ ಇಬ್ಬರಿಗೆ ಫೋನ್ ಮಾಡಿ" ಎಂದರು. ಮಾಡಿದೆ. ಒಬ್ಬರು ನನ್ನ ಮಾತು ಕಿವಿಗೇ ಹಾಕಿಕೊಳ್ಳದೆ ಶೀಶೆಯನ್ನು ಪೇಟೆಯ ನೆಂಟರ ಫ್ರಿಜ್ಜಿನಲ್ಲಿಟ್ಟಿದ್ದರು. ಇನ್ನೊಬ್ಬರ ಮನೆಯಲ್ಲಿ ಐಸು ಸಿಗದೆ ಒದ್ದೆ ಮಡಕೆಯಲ್ಲಿಟ್ಟು, ಕರೆಂಟ್ ಬಂದ ಮೇಲೆ ಹೊಸ ಶೀಶೆ ತಂದಿದ್ದರು. ನನ್ನ ಮಾತನ್ನು ತಪ್ಪದೆ ಪಾಲಿಸಿದವಳು ಲಲಿತಾ ಒಬ್ಬಳೇ.

ಡಾಕ್ಟರ್ ಪ್ರಭಾ ಸೋಮವಾರದ ರಕ್ತವನ್ನು ಮುಂದೂಡಿದರು. ದೇವೇಂದ್ರರನ್ನು ವಾರ್ಡಿನಲ್ಲೇ ಇಟ್ಟುಕೊಂಡು, ಆಸ್ಪತ್ರೆಯ ಫ್ರಿಜ್ಜಿನಿಂದ ತೆಗೆದ ಹೊಸ ಮದ್ದು ಶುರುಮಾಡಿದರು. "ಉಸಿರು ಕೆಟ್ಟರೆ ಆ ಕ್ಷಣ ರಕ್ತ ಹಾಕ್ತೇನೆ. ಇಲ್ಲದಿದ್ದರೆ ಹತ್ತು ದಿನ ನೋಡುವ. ಎಣಿಸಿ ಹೇಳೋದು ನಿಮ್ಮ ಕೆಲಸ."

ಮೂರನೆಯ ದಿನ ಎರಡು. ಐದನೆಯ ದಿನ ಮೂರು, ಆದರೆ ಮೂರನ್ನು ನಂಬುವ ಹಾಗಿಲ್ಲ. ಆರನೆಯ ದಿನ ದೇವೇಂದ್ರರಿಗೆ ಎದೆ ಬಿಗಿದು, ರಕ್ತದ ಬಾಟಲಿ ಮಂಚದ ಬಳಿಯವರೆಗೂ ಬಂತು. ಆಮೇಲೆ ಸ್ವಲ್ಪ ಸುಧಾರಿಸಿದ್ದರಿಂದ ವಾಪಸು ಹೋಯಿತು. ಲಲಿತಾ ಆಗ ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ನಾನು ಹತ್ತಿರ ಹೋಗಲಾರದೆ ಬೇರೆ ಬಾಗಿಲಿನಿಂದ ಲ್ಯಾಬಿಗೆ ಬಂದೆ. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಎಂಟನೆಯ ದಿನ ಬೆಳಿಗ್ಗೆ ಬಣ್ಣ ಸೋಸಿ, ಸ್ಲೈಡು ಎಳೆದು, ಕಣ್ಣು ಇಟ್ಟೆ. ಮೊದಲ ನೋಟಕ್ಕೇ ಎರಡು ನೀಲಿ ಸಿಕ್ಕು. ಸ್ಲೈಡು ಸರಿಸಿದರೆ ಇನ್ನೊಂದು. ಸಾವಿರಕ್ಕೆ ಹದಿನೇಳು. ಇನ್ನೊಂದು ಸ್ಲೈಡು ಮಾಡಿದೆ, ಹತ್ತೊಂಬತ್ತು. ಕೆಲವಂತೂ ಮಜ್ಜೆಯಿಂದ ಅವಸರದಲ್ಲಿ ಓಡಿಬಂದವು, ದೊಡ್ಡದಾಗಿ, ಒಳಗೆಲ್ಲ ನೂಲು ತುಂಬಿಕೊಂಡು. ನಾನು ಎದ್ದು ನಿಂತು ಒಬ್ಬಳೇ ಚಪ್ಪಾಳೆ ತಟ್ಟಿದೆ. ವಾರ್ಡಿಗೆ ಹೋಗಿ, "ಹತ್ತೊಂಬತ್ತು" ಎಂದೆ. ದೇವೇಂದ್ರ, "ಅಂದ್ರೆ ಎಂತ?" ಎಂದು ಕೇಳಿದರು. ಲಲಿತಾ ಆಗಲೇ ಗಂಡನ ಕಾಲು ಹಿಡಿದು ಅಳುತ್ತಿದ್ದಳು.

ರಕ್ತ ಹಾಕಬೇಕಾಗಲಿಲ್ಲ. ಮರುವರ್ಷ ಮಂಗಳೂರಿನಲ್ಲಿ ಯಮುನಾಳ ಕಿಡ್ನಿಯನ್ನು ತಮ್ಮನಿಗೆ ಕಸಿ ಮಾಡಿದರು. ಎರಡು ತಿಂಗಳ ಮೇಲೆ ಗಂಡಹೆಂಡಿರು ಪರೀಕ್ಷೆಗೆ ಹೊನ್ನಾವರಕ್ಕೆ ಬಂದಾಗ ಹಾರ್ಮೋನಿನ ಇಂಜೆಕ್ಷನ್ ನಿಲ್ಲಿಸಿ ಸಾಕಷ್ಟು ದಿನವಾಗಿತ್ತು. ಯಾರೂ ಹೇಳದಿದ್ದರೂ ಕುತೂಹಲಕ್ಕೆ ಹೊಸ ಕಣ ಎಣಿಸಿದೆ. ಸಾವಿರಕ್ಕೆ ಇಪ್ಪತ್ತಾರು. ಅಕ್ಕನ ಕಿಡ್ನಿ ಹೇಳುತ್ತಿದೆ, ತಮ್ಮನ ಮಜ್ಜೆ ಕೇಳುತ್ತಿದೆ. ಶಾನಭಾಗರ ಮಾತನ್ನು ಅಷ್ಟು ವರ್ಷ ನಂಬಿದ್ದೆ, ಆ ದಿನ ಕಂಡೆ.

ದೇವೇಂದ್ರ ಔಷಧಿ ಅಂಗಡಿಗೆ ಹೋಗಿದ್ದರು. ಲಲಿತಾ ವರದಿಗಾಗಿ ನನ್ನ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದಳು. ಈಗಲಾದರೂ ಹೇಳದಿದ್ದರೆ ನಾನು ಮನುಷ್ಯಳೇ ಅಲ್ಲ ಅನ್ನಿಸಿತು.

"ಲಲಿತಾ, ಐಸಿನಲ್ಲಿಡು ಅಂತ ಹೇಳಿದ್ದು ನಾನು. ನಿನಗೆ ಮರೆತಿರಬೇಕು. ಡಾಕ್ಟರಿಗೆ ಮರುದಿನವೇ ಹೇಳಿದ್ದೇನೆ, ನಿನಗೆ ಹೇಳಲು ಬಾಯಿ ಬರಲಿಲ್ಲ."

"ಮರೀಲಿಲ್ಲ ಅಕ್ಕೋರೆ" ಎಂದಳು.

"ಮತ್ತೆ ಅವತ್ತು ಯಾಕೆ ಹೇಳಲಿಲ್ಲ? ನನ್ನ ಎದುರಿಗೇ ಬೈಸಿಕೊಂಡೆಯಲ್ಲ."

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೇಳೂದು ಹ್ಯಾಂಗೆ? ಇವ್ರ ರಕ್ತ ಎಣಿಸೂದು ನೀವೊಬ್ರೇ. ನಿಮಗೆ ಬೇಜಾರಾಗಿ, ನಾಳೆ ಎಣಿಸೂಕೆ ಮನಸು ಬರ್ದೇ ಹೋದ್ರೆ ನಾ ಎಲ್ಲಿಗೆ ಹೋಗ್ಲಿ? ಬೈಗಳ ಎಂತದು, ಮೀನು ಪೇಟೇಲಿ ನಾ ದಿನಾ ತಿಂತೆ."

ಅವಳು ಎರಡು ವರ್ಷ ನನ್ನ ಮುಂದೆ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದುದನ್ನು ನಾನು ಗೌರವ ಎಂದುಕೊಂಡಿದ್ದೆ. ಅದು ಹೆದರಿಕೆಯಾಗಿತ್ತು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು.

ಎದ್ದು ನನ್ನ ಸ್ಟೂಲನ್ನು ಅವಳತ್ತ ಸರಿಸಿ, "ಬಾ, ನೀನೇ ಎಣಿಸು" ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಕೂತಳು, ಒಂದು ಕಣ್ಣು ಮುಚ್ಚಿ ಬಗ್ಗಿದಳು. ಆಮೇಲೆ ತುಟಿ ಅಲುಗಾಡತೊಡಗಿತು, ಒಂದು, ಎರಡು, ಮೂರು. ಹಿಂದೆ ಮೂರು ವರದಿ ಕಾಯುತ್ತಿದ್ದವು. ನಾನು ಕೈಕಟ್ಟಿ ಪಕ್ಕದಲ್ಲಿ ನಿಂತೆ.